ಕಾಂಟ್ರಾಕ್ಟ್ ಮುಗಿದ ಆಟಗಾರನಿಗೆ ಯಾರು ಫೋನ್ ಮಾಡುತ್ತಾರೆ?

ಮಾನ್ಯ ಸಂಪಾದಕರೇ,

ಆಟಗಾರರ ಮಾನಸಿಕ ಆರೋಗ್ಯದ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಆಗಾಗ ಬರಹಗಳು ಬರುತ್ತವೆ. ಜಾಸ್ತಿ ಕ್ರಿಕೆಟ್ ತಾರೆಯರ ಬಗ್ಗೆ. ಅವೂ ಬೇಕು. ಆದರೆ ಸೀಸನ್‌ನಿಂದ ಸೀಸನ್‌ಗೆ ಕಾಂಟ್ರಾಕ್ಟ್ ನಂಬಿ ಬದುಕುವ, ಪೇಪರ್‌ನಲ್ಲಿ ಹೆಸರು ಬಾರದ ವೃತ್ತಿಪರ ಆಟಗಾರರು ಬಹಳ ಜನ ಇದ್ದಾರೆ. ಅವರ ಪರವಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಕ್ರೀಡಾ ಫಿಸಿಯೋಥೆರಪಿಸ್ಟ್. ಈಗ ದಾವಣಗೆರೆಯಲ್ಲಿ ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಮುಂಚೆ ಕೆಲವು ವರ್ಷ ಕಬಡ್ಡಿ ಲೀಗ್‌ನ ತಂಡವೊಂದರ ಜೊತೆ ಊರೂರು ತಿರುಗಿದ್ದೇನೆ. ಹುಡುಗರು ಅಕ್ಕ ಅನ್ನುತ್ತಿದ್ದರು. ಹರಿಯಾಣದ ಹುಡುಗರು ದೀದಿ ಅನ್ನುತ್ತಿದ್ದರು.

ಫಿಸಿಯೋ ಟೇಬಲ್ ಮೇಲೆ ಆಟಗಾರ ಮುಖ ಕೆಳಗೆ ಮಾಡಿ ಮಲಗಿರುತ್ತಾನೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅರ್ಧ, ಮುಕ್ಕಾಲು ಗಂಟೆ ಅಲ್ಲೇ ಇರಬೇಕು. ಮಾತು ತೊಡೆಯ ನೋವಿನಿಂದ ಶುರುವಾಗುತ್ತದೆ. ಆಮೇಲೆ ನಿದ್ದೆ ಬರುತ್ತಿಲ್ಲ ಅನ್ನುತ್ತಾನೆ. ಆಮೇಲೆ ತಂಗಿಯ ಮದುವೆಯ ಸಾಲ ಬರುತ್ತದೆ, ನಿನ್ನೆಯ ಪಂದ್ಯ ಸೋತ ಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಅಮ್ಮನನ್ನು ಎಳೆದು ಬೈದ ಕಾಮೆಂಟ್ ಬರುತ್ತದೆ. ನನಗೆ ಗೊತ್ತಿರುವ ಫಿಸಿಯೋಗಳೆಲ್ಲ ಇದನ್ನೇ ಹೇಳುತ್ತಾರೆ. ತಂಡದಲ್ಲಿ ಏನೇ ನಡೆದರೂ ಮೊದಲು ಗೊತ್ತಾಗುವುದು ನಮಗೆ.

ಒಬ್ಬ ರೇಡರ್ ಇದ್ದ. ಹಾವೇರಿ ಕಡೆಯವನು. ಪಂದ್ಯದ ದಿನ ಬೆಳಿಗ್ಗೆ ತಪ್ಪದೆ ವಾಂತಿ ಮಾಡುತ್ತಿದ್ದ. ಡು ಆರ್ ಡೈ ರೇಡ್ (ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ರೇಡರ್ ಔಟ್) ಬಂದರೆ ಕೈಕಾಲು ತಣ್ಣಗಾಗುತ್ತದೆ, ಗೆರೆ ದಾಟಿದ ಮೇಲೆ ಎದುರಿನವರ ಮುಖವೇ ಕಾಣುವುದಿಲ್ಲ ಅನ್ನುತ್ತಿದ್ದ. ಮೂವತ್ತು ಸೆಕೆಂಡ್‌ನಲ್ಲಿ ಏಳು ಜನರ ಕಾಲು, ಕೈ, ಕಣ್ಣು ಓದಬೇಕಾದ ಆಟದಲ್ಲಿ ಇದು ಸಣ್ಣ ಮಾತಲ್ಲ. ಕೋಚ್ ಹತ್ತಿರ ಮಾತಾಡು ಅಂದೆ. ಗಾಬರಿಯಾಗಿ ಎದ್ದು ಕೂತ. "ಅವರಿಗೆ ಮಾತ್ರ ಹೇಳಬೇಡಿ ಅಕ್ಕ. ನಾಳೆಯಿಂದ ಬೆಂಚ್ ಗ್ಯಾರಂಟಿ."

ಈ ಮಾತನ್ನು ನಾನು ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ನಮ್ಮ ತಂಡದಲ್ಲಿ ಹೆಡ್ ಕೋಚ್, ಅಸಿಸ್ಟೆಂಟ್ ಕೋಚ್, ವಿಡಿಯೋ ನೋಡಿ ಲೆಕ್ಕ ಹಾಕುವವರು, ಊಟದ ಪಟ್ಟಿ ಬರೆಯುವವರು, ಮಸಾಜ್ ಮಾಡುವವರು ಎಲ್ಲ ಇದ್ದರು. ಎಲ್ಲರೂ ಕೊನೆಗೆ ವರದಿ ಒಪ್ಪಿಸುವುದು ಮ್ಯಾಟ್ ಮೇಲೆ ಯಾವ ಏಳು ಜನ ಇಳಿಯಬೇಕು ಅಂತ ತೀರ್ಮಾನಿಸುವವರಿಗೆ. ನಾನೂ ಅಷ್ಟೇ. ಫಿಟ್, ಅನ್‌ಫಿಟ್ ಅಂತ ದಿನಾ ಸಂಜೆ ಬರೆದುಕೊಡಬೇಕಿತ್ತು. ಹಾಗಿರುವಾಗ ಹುಡುಗ ನಿಜ ಹೇಳುವುದಾದರೂ ಯಾರಿಗೆ? ಕೋಚ್‌ಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಾನು ನೋಡಿದ ಹೆಚ್ಚಿನವರು ಹುಡುಗರನ್ನು ಸ್ವಂತ ಮಕ್ಕಳ ಹಾಗೆ ನೋಡಿಕೊಂಡರು. ಆದರೆ ತಂಡ ಆರಿಸುವ ಕೈಯೇ ಕಷ್ಟ ಕೇಳುವ ಕಿವಿಯೂ ಆಗಬೇಕು ಅಂದರೆ ಅದು ನಡೆಯುವ ಮಾತಲ್ಲ.

2024ರ ಏಪ್ರಿಲ್‌ನಲ್ಲಿ ಆರ್‌ಸಿಬಿಯ ಗ್ಲೆನ್ ಮ್ಯಾಕ್ಸ್‌ವೆಲ್ ಏನು ಮಾಡಿದರು ನೆನಪಿರಬಹುದು. ದೇಹ, ಮನಸ್ಸು ಎರಡೂ ದಣಿದಿವೆ, ನನ್ನ ಜಾಗದಲ್ಲಿ ಬೇರೆಯವರನ್ನು ಆಡಿಸಿ ಅಂತ ನಾಯಕನಿಗೆ ತಾನಾಗಿ ಹೇಳಿ ಹಿಂದೆ ಸರಿದರು. ಅದಕ್ಕೂ ಮುಂಚೆ, 2019ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾ ತಂಡದಿಂದಲೂ ಇದೇ ಕಾರಣಕ್ಕೆ ಬಿಡುವು ಪಡೆದಿದ್ದರು. ಆಗ ವಿರಾಟ್ ಕೊಹ್ಲಿ ಮ್ಯಾಕ್ಸ್‌ವೆಲ್‌ರನ್ನು ಮೆಚ್ಚಿ ಮಾತಾಡಿ, 2014ರ ಇಂಗ್ಲೆಂಡ್ ಪ್ರವಾಸದಲ್ಲಿ ತಾನೂ ಕುಸಿದುಹೋಗಿದ್ದೆ, ಆದರೆ ಹೇಳಿಕೊಳ್ಳಲು ಆಗಲಿಲ್ಲ ಅಂದರು. ಇಬ್ಬರ ಮೇಲೂ ನನಗೆ ಗೌರವ ಇದೆ. ಆದರೆ ಮ್ಯಾಕ್ಸ್‌ವೆಲ್‌ಗೆ ಹಾಗೆ ಹೇಳುವ ತಾಕತ್ತು ಎಲ್ಲಿಂದ ಬಂತು ನೋಡಿ. ಅವರ ಹಿಂದೆ ವಿಶ್ವಕಪ್ ಇತ್ತು, ದೊಡ್ಡ ಕಾಂಟ್ರಾಕ್ಟ್ ಇತ್ತು, ಅವರ ದೇಶದ ಕ್ರಿಕೆಟ್ ಮಂಡಳಿಯ ಮನಃಶಾಸ್ತ್ರಜ್ಞರು ಇದ್ದರು. 2024ರ ಪ್ರೊ ಕಬಡ್ಡಿ ಹರಾಜಿನಲ್ಲಿ 'ಎ' ವರ್ಗದ ಮೂಲ ಬೆಲೆ 30 ಲಕ್ಷ, 'ಡಿ' ವರ್ಗದ್ದು 9 ಲಕ್ಷ. ಆ 9 ಲಕ್ಷದ ಹುಡುಗ ನನ್ನನ್ನು ಎರಡು ಪಂದ್ಯ ಬಿಟ್ಟುಬಿಡಿ ಅಂದರೆ ಮುಂದಿನ ವರ್ಷ ಅವನ ಹೆಸರಿಗೆ ಯಾರು ಕೈ ಎತ್ತುತ್ತಾರೆ? ಈ ಭಯ ಸುಳ್ಳಲ್ಲ. ಧೈರ್ಯ ತಗೋ ಅಂತ ಬೆನ್ನು ತಟ್ಟಿದರೆ ಅದು ಹೋಗುವುದೂ ಇಲ್ಲ.

ಹಿಂದೆ ನಮ್ಮ ರಾಜ್ಯದಲ್ಲಿ ಬ್ಯಾಂಕ್ ತಂಡಗಳಿದ್ದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್ ಕಬಡ್ಡಿ ತಂಡಗಳ ಆಟ ನೋಡಲು ಜನ ರಾತ್ರಿಯೆಲ್ಲ ಮೈದಾನದ ಸುತ್ತ ಕೂರುತ್ತಿದ್ದರು. ದುಡ್ಡು ಈಗಿನಷ್ಟು ಇರಲಿಲ್ಲ. ಆದರೆ ಆಡಿದರೂ ಬಿಟ್ಟರೂ ತಿಂಗಳಿಗೆ ಸಂಬಳ ಬರುತ್ತಿತ್ತು. ಕಾಲು ಮುರಿದರೆ ಕೌಂಟರ್‌ನಲ್ಲಿ ಕೂರಬಹುದಿತ್ತು, ಜೊತೆಗೆ ನಾಲ್ಕು ಜನ ಸಹೋದ್ಯೋಗಿಗಳು ಇರುತ್ತಿದ್ದರು. 2017ರಲ್ಲಿ ಒಂದು ಬ್ಯಾಂಕ್, 2019ರಲ್ಲಿ ಇನ್ನೊಂದು ದೊಡ್ಡ ಬ್ಯಾಂಕ್‌ಗಳಲ್ಲಿ ವಿಲೀನವಾದವು. 2014ರಲ್ಲಿ ಶುರುವಾದ ಲೀಗ್ ಕಬಡ್ಡಿಗೆ ಹೆಸರು, ಹಣ ಎರಡೂ ತಂದಿತು, ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ಆ ಹಣ ಸೀಸನ್ ಇದ್ದಾಗ ಮಾತ್ರ. ಉಳಿದ ತಿಂಗಳು ಹುಡುಗ ಊರಲ್ಲಿ ಒಬ್ಬನೇ ಓಡುತ್ತಿರುತ್ತಾನೆ, ಹರಾಜಿಗೆ ಕಾಯುತ್ತಿರುತ್ತಾನೆ.

ಆ ಕಾಯುವ ತಿಂಗಳುಗಳೇ ಅಪಾಯದವು. ನಮ್ಮ ಕೊಡಗಿನ ಕ್ರಿಕೆಟಿಗ ರಾಬಿನ್ ಉತ್ತಪ್ಪ 2020ರಲ್ಲಿ ಮನಸ್ಸು ಬಿಚ್ಚಿ ಮಾತಾಡಿದರು. 2009ರಿಂದ 2011ರ ತನಕ ಬದುಕೇ ಬೇಡ ಅನ್ನುವ ಯೋಚನೆ ದಿನವೂ ಕಾಡುತ್ತಿತ್ತು ಅಂದರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದಿದೆ. ಪಂದ್ಯ ಇದ್ದ ದಿನ ಆಟ ಮನಸ್ಸನ್ನು ಬೇರೆ ಕಡೆ ಎಳೆಯುತ್ತಿತ್ತು, ಪಂದ್ಯ ಇಲ್ಲದ ದಿನಗಳು ಮತ್ತು ಸೀಸನ್ ಇಲ್ಲದ ತಿಂಗಳುಗಳೇ ತುಂಬಾ ಕಷ್ಟವಾಗಿದ್ದವು ಅಂದಿದ್ದರು. ಅವರು ಡೈರಿ ಬರೆಯಲು ಶುರು ಮಾಡಿದರು, ಹೊರಗಿನವರ ಸಹಾಯ ಪಡೆದರು, ಹೊರಗೆ ಬಂದರು. ಈಗ ನಮ್ಮ ತಂಡಗಳ ಪದ್ಧತಿ ನೋಡಿ. ಇರುವ ಸ್ವಲ್ಪ ಸೌಲಭ್ಯವೂ ಸೀಸನ್ ನಡೆಯುವಾಗ ಮಾತ್ರ. ಸೀಸನ್ ಮುಗಿದ ದಿನ ಅದಕ್ಕೂ ಬೀಗ.

ನನ್ನ ಕ್ಲಿನಿಕ್‌ಗೆ ಬಂದ ಇನ್ನೊಬ್ಬ ಹುಡುಗನ ವಿಷಯ ಹೇಳಲೇಬೇಕು. ಲೀಗ್‌ನ ಬೇರೊಂದು ತಂಡದಲ್ಲಿ ಕವರ್ ಡಿಫೆಂಡರ್. ಸೀಸನ್ ಮಧ್ಯೆ ಬಲ ಮೊಣಕಾಲಿನ ಎಸಿಎಲ್, ಅಂದರೆ ಕೀಲನ್ನು ಹಿಡಿದಿಡುವ ಒಳಗಿನ ಲಿಗಮೆಂಟ್, ಹರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಖರ್ಚೆಲ್ಲ ತಂಡದ್ದು. ಅಂಥ ಆಪರೇಷನ್ ಆದವರು ಮತ್ತೆ ಮ್ಯಾಟ್‌ಗೆ ಇಳಿಯಲು ಕಡಿಮೆ ಅಂದರೂ 9 ತಿಂಗಳು ಬೇಕು. ಹರಾಜು ಅದಕ್ಕೆ ಕಾಯುತ್ತದೆಯೇ? ಅವನು ಇನ್ನೂ ಮೆಟ್ಟಿಲು ಹತ್ತುವ ವ್ಯಾಯಾಮ ಮಾಡುತ್ತಿರುವಾಗಲೇ ಹರಾಜು ಬಂತು. ಮನೆಯವರೆಲ್ಲ ಮೊಬೈಲ್ ಮುಂದೆ ಕೂತು ನೋಡಿದರು. ಅವನನ್ನು ಯಾರೂ ತಗೊಳ್ಳಲಿಲ್ಲ. ಎರಡು ದಿನದಲ್ಲಿ ತಂಡದ ವಾಟ್ಸ್‌ಆ್ಯಪ್ ಗ್ರೂಪ್‌ನಿಂದ ಹೆಸರು ತೆಗೆದರು. ಆಫೀಸಿನಲ್ಲಿ ಕೂತವರಿಗೆ ಅದು ಮಾಮೂಲಿ ಕೆಲಸ. ಇವನು ಮಾತ್ರ ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡು ನನಗೆ ತೋರಿಸಿದ.

ನನ್ನ ಹತ್ತಿರ ಬಂದಾಗ ಮೊಣಕಾಲು ಚೆನ್ನಾಗಿ ಬಲ ಬಂದಿತ್ತು. ಒಂಟಿ ಕಾಲಿನಲ್ಲಿ ಹಾರಿಸಿ ಅಳೆದರೆ ಎಡಗಾಲಿಗೂ ಬಲಗಾಲಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಆದರೆ ಯಾರಾದರೂ ಎದುರಿಗೆ ಬಂದರೆ ಬಲಗಾಲು ಊರುತ್ತಲೇ ಇರಲಿಲ್ಲ. ಇದನ್ನು ಅಳೆಯಲು ನಮ್ಮ ವೃತ್ತಿಯಲ್ಲಿ ಎಸಿಎಲ್-ಆರ್‌ಎಸ್‌ಐ ಅಂತ 12 ಪ್ರಶ್ನೆಗಳ ಪಟ್ಟಿ ಇದೆ. ಮತ್ತೆ ಪೆಟ್ಟಾಗುತ್ತದೆ ಅಂತ ಭಯವೇ, ಆ ಕಾಲನ್ನು ನಂಬುತ್ತೀಯಾ, ಆ ಥರದ ಪ್ರಶ್ನೆಗಳು. ಅವನ ಅಂಕ ತೀರಾ ಕೆಳಗಿತ್ತು. ಮಾತಾಡುತ್ತಾ ಹೋದಂತೆ ಗೊತ್ತಾಯಿತು, ರಾತ್ರಿ ಎರಡು ಮೂರು ಗಂಟೆಗಿಂತ ಜಾಸ್ತಿ ನಿದ್ದೆ ಇಲ್ಲ. ಊರಿನವರು ಕೇಳುತ್ತಾರೆ ಅಂತ ಮನೆಯಿಂದ ಹೊರಗೆ ಬರುತ್ತಿಲ್ಲ. ಜಾತ್ರೆಗೂ ಹೋಗಿಲ್ಲ. "ಈ ಸಲ ಯಾವ ಟೀಮಪ್ಪಾ?" ಅನ್ನುವ ಪ್ರಶ್ನೆಗೆ ಅವನು ಹೆದರಿದಷ್ಟು ಯಾವ ರೇಡರ್‌ಗೂ ಹೆದರಿರಲಿಲ್ಲ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಹೊರಡುವ ಮುಂಚೆ ಅವನು ಕೇಳಿದ ಪ್ರಶ್ನೆ ಇದು: "ಅಕ್ಕ, ಆ ಮಾತ್ರೆ ತಿಂದರೆ ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಹಾಕಿಕೊಳ್ತೀನಾ?"

ಆ ಭಯದಿಂದ ಚಿಕಿತ್ಸೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಅದಕ್ಕೆ ಇಲ್ಲಿ ಬಿಡಿಸಿ ಬರೆಯುತ್ತೇನೆ. ಖಿನ್ನತೆಗೆ ವೈದ್ಯರು ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧ ಪಟ್ಟಿಯಲ್ಲಿ ಇಲ್ಲ. ಗಮನದ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್‌ನಂಥ ಔಷಧ ಸ್ಪರ್ಧೆಯ ಸಮಯದಲ್ಲಿ ನಿಷೇಧ, ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್‌ಗಳು ಶೂಟಿಂಗ್, ಬಿಲ್ಲುಗಾರಿಕೆಯಂಥ ಕೆಲವು ಆಟಗಳಲ್ಲಿ ನಿಷೇಧ. ನಾನು ಕ್ರೀಡಾಪಟು ಅಂತ ವೈದ್ಯರಿಗೆ ಮೊದಲೇ ಹೇಳಿ, ಚೀಟಿ ಇಟ್ಟುಕೊಂಡು, ಮಾತ್ರೆಯ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ನೋಡಿಸಿದರೆ ಆಯಿತು. ಇಷ್ಟು ವಿಷಯವನ್ನು ತಂಡ ಸೇರಿದ ಮೊದಲ ದಿನವೇ ಹುಡುಗರಿಗೆ ಅವರ ಭಾಷೆಯಲ್ಲಿ ಹೇಳಿಕೊಡಲು ಏನು ಕಷ್ಟ?

ಆ ಡಿಫೆಂಡರ್ ಚಿಕಿತ್ಸೆ ಮುಂದುವರಿಸಿದ. ನಿದ್ದೆ ಬಂತು. ಕಾಲು ಊರಿದ. ಲೀಗ್‌ಗೆ ಮತ್ತೆ ಹೋಗುತ್ತಾನೋ ಇಲ್ಲವೋ ಹೇಳಲಾರೆ. ಈಗ ಊರಿನ ಟೂರ್ನಿಗಳಲ್ಲಿ ಆಡುತ್ತಾನೆ, ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಡುತ್ತಾನೆ. ಆದರೆ ಅವನು ನನ್ನ ಹತ್ತಿರ ಬಂದದ್ದು ಮೊಣಕಾಲಿಗಾಗಿ. ಮೊಣಕಾಲು ಸರಿ ಇದ್ದಿದ್ದರೆ ಯಾರ ಹತ್ತಿರ ಹೋಗುತ್ತಿದ್ದ?

ನಮ್ಮಲ್ಲಿ ವ್ಯವಸ್ಥೆ ಇದೆ ಅಂತ ತಂಡದವರು ಹೇಳಬಹುದು. ಏನು ವ್ಯವಸ್ಥೆ ಅಂತ ನಾನು ಕಂಡಿದ್ದೇನೆ. ಸತತ ಸೋತಾಗ ಒಬ್ಬ ಭಾಷಣಕಾರರನ್ನು ಕರೆಸುತ್ತಾರೆ. ಅವರು ಹೋಟೆಲ್ ಹಾಲ್‌ನಲ್ಲಿ ನಿಂತು ಗೆಲ್ಲುವ ಛಲದ ಬಗ್ಗೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ, ಕೈ ಮೇಲೆತ್ತಿ ಕೂಗಿಸುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಒಳ್ಳೆಯ ಮೆಂಟಲ್ ಕಂಡಿಷನಿಂಗ್ ಕೋಚ್‌ಗಳ ಮಾತು ಬೇರೆ. 2011ರ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಜೊತೆಗಿದ್ದ ಪ್ಯಾಡಿ ಅಪ್ಟನ್ 2024ರಲ್ಲಿ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದಾಗಲೂ ಅವರ ಜೊತೆ ಕೆಲಸ ಮಾಡಿದ್ದರು. ಅಂಥವರ ಉಪಯೋಗ ದೊಡ್ಡದು. ಆದರೆ ಅವರ ಕೆಲಸ ಆಟ ಚೆನ್ನಾಗಿ ಆಡಿಸುವುದು. ಪಂದ್ಯದ ದಿನ ವಾಂತಿ ಮಾಡುವ, ನಿದ್ದೆ ಇಲ್ಲದ, ಬದುಕು ಸಾಕು ಅನ್ನುವ ಹುಡುಗನಿಗೆ ಬೇಕಾಗಿರುವುದು ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರು. ಮೂಳೆ ಮುರಿದವನನ್ನು ಜಿಮ್ ಟ್ರೇನರ್ ಹತ್ತಿರ ಕಳಿಸುತ್ತೇವಾ?

ಯಾರಿಗೆ ಸಹಾಯ ಬೇಕು ಅಂತ ಕಂಡುಹಿಡಿಯುವುದು ಹೇಗೆ ಅಂತಲೂ ಕೇಳುತ್ತಾರೆ. ಅದಕ್ಕೆ ಉತ್ತರ ಸಿದ್ಧವಾಗಿಯೇ ಇದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರ ಗುಂಪು 2020ರಲ್ಲಿ ಒಂದು ತಪಾಸಣಾ ವಿಧಾನ ಹೊರತಂದಿದೆ. ಮೊದಲ ಹಂತದಲ್ಲಿ 10 ಪ್ರಶ್ನೆಗಳು ಮಾತ್ರ. ಅಂಕ 17 ಅಥವಾ ಅದಕ್ಕಿಂತ ಮೇಲಿದ್ದರೆ ಎರಡನೇ ಹಂತದ ಪ್ರಶ್ನಾವಳಿಗಳು, ಆಮೇಲೆ ತಜ್ಞರು ನೋಡಬೇಕು. ಯಾವಾಗ ಮಾಡಬೇಕು ಅಂತಲೂ ಅದರಲ್ಲೇ ಬರೆದಿದೆ. ಸೀಸನ್ ಶುರುವಾಗುವ ಮುಂಚೆ, ನಡುವೆ, ಕೊನೆಯಲ್ಲಿ, ಗಾಯವಾದಾಗ, ಆಪರೇಷನ್ ಆದಾಗ. ಆಟ ಬಿಡುವಾಗಲೂ ಮಾಡಬೇಕು ಅಂತ ಸ್ಪಷ್ಟವಾಗಿ ಇದೆ. ನಮ್ಮ ತಂಡದಲ್ಲಿ ಸೀಸನ್‌ಗೆ ಮುಂಚೆ ರಕ್ತ, ಹೃದಯ, ಕೀಲು ಎಲ್ಲ ಪರೀಕ್ಷೆ ಮಾಡಿಸುತ್ತಿದ್ದೆವು. ಈ 10 ಪ್ರಶ್ನೆಗೆ ಐದು ನಿಮಿಷ ಸಾಕು. ಕನ್ನಡದಲ್ಲಿ ಸರಿಯಾಗಿ ಸಿದ್ಧಪಡಿಸಿ ಕೊಡಲು ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೈಸೂರು ರಸ್ತೆಯಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ. ದೇಶದ ಹಾಕಿ ತಂಡಗಳ ಶಿಬಿರ ನಡೆಯುವ ಊರಿನಲ್ಲೇ ದೇಶದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಯೂ ಇರುವಾಗ ಈ ಕೆಲಸ ಇಲ್ಲಿ ಆಗದೆ ಇನ್ನೆಲ್ಲಿ ಆಗಬೇಕು?

ಹಣದ ಮಾತಿಗೆ ಬರುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ರೋಗಿಯ ವಿಷಯ ಗುಟ್ಟಾಗಿರಬೇಕು ಅನ್ನುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಹೀಗಿದ್ದೂ ಆಟಗಾರರ ಕಾಂಟ್ರಾಕ್ಟ್‌ನಲ್ಲಿ ಗಾಯದ ಬಗ್ಗೆ ಪುಟಗಟ್ಟಲೆ ಇರುತ್ತದೆ, ಇದರ ಬಗ್ಗೆ ಒಂದು ಸಾಲೂ ನಾನು ಕಂಡಿಲ್ಲ. ಹುಡುಗರೂ ಕೇಳುವುದಿಲ್ಲ. ಸಹಿ ಮಾಡುವ ಖುಷಿಯಲ್ಲಿ ಯಾರು ಓದುತ್ತಾರೆ?

2025ರ ಅಕ್ಟೋಬರ್ 30ರ ರಾತ್ರಿ, ಮಹಿಳಾ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಜೆಮಿಮಾ ರಾಡ್ರಿಗಸ್ 127 ರನ್ ಹೊಡೆದು ಆಸ್ಟ್ರೇಲಿಯಾವನ್ನು ಸೋಲಿಸಿದರು. ಎಲ್ಲರೂ ಆಟ ಹೊಗಳಿದೆವು. ಆಮೇಲೆ ಅವರು ಹೇಳಿದ್ದನ್ನು ನಾನು ನನ್ನ ಹತ್ತಿರ ಬರುವ ಹುಡುಗಿಯರಿಗೆಲ್ಲ ತೋರಿಸಿದೆ. ಟೂರ್ನಿಯ ಶುರುವಿನಲ್ಲಿ ಆತಂಕ ತಡೆಯಲಾಗದೆ ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದರಂತೆ. ತಂಡದ ಗೆಳತಿಯರು ಪಕ್ಕದಲ್ಲಿ ಕೂತು ನೋಡಿಕೊಂಡರಂತೆ. ಅದನ್ನು ಅಷ್ಟು ಜನರ ಮುಂದೆ ಹೇಳಿದ್ದು ಆ ಶತಕಕ್ಕಿಂತ ಕಡಿಮೆ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಅರ್ಥ ಮಾಡಿಕೊಳ್ಳುವ ಅಮ್ಮ ಇದ್ದರು, ಗೆಳತಿಯರಿದ್ದರು. ನನ್ನ ಕ್ಲಿನಿಕ್‌ಗೆ ಬರುವ ಒಬ್ಬ ಓಟಗಾರ್ತಿಯ ಮನೆಯಲ್ಲಿ ಅತ್ತರೆ ಆಟ ಬಿಡಿಸಿ ಮದುವೆ ಮಾಡುತ್ತಾರೆ. ಅವಳು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಹೆಣ್ಣುಮಕ್ಕಳ ತಂಡಗಳಿಗೆ ಹೆಣ್ಣು ಕೌನ್ಸೆಲರ್ ಇರಲೇಬೇಕು. ಅವರು ಹೇಳಿಕೊಳ್ಳಬೇಕಾದ ಕೆಲವು ವಿಷಯಗಳು ಕೋಚ್‌ನ ಬಗ್ಗೆಯೇ ಇರಬಹುದು.

ಗೆದ್ದವರಿಗೆ ಇದೆಲ್ಲ ಬೇಡ ಅಂತಲೂ ತಿಳಿಯಬೇಡಿ. 2008ರ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಗೆಲುವಿನ ನಂತರವೇ ತನಗೆ ದೊಡ್ಡ ಶೂನ್ಯ ಕಾಡಿತು ಅಂತ ಹಲವು ಸಲ ಹೇಳಿದ್ದಾರೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಧ್ಯದಲ್ಲೇ ಹಿಂದೆ ಸರಿದಾಗ ಬೈದವರು ಕಡಿಮೆ ಇರಲಿಲ್ಲ. ಬಿಡುವು, ಚಿಕಿತ್ಸೆ ಎರಡೂ ಸಿಕ್ಕ ಮೇಲೆ 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ನಮ್ಮ ರಾಜ್ಯದ ಲೀಗ್ ತಂಡಗಳ ಮಾಲೀಕರು ಮುಂದಿನ ಕಾಂಟ್ರಾಕ್ಟ್‌ನಲ್ಲಿ ಒಂದು ಕಲಂ ಸೇರಿಸಲಿ. ಆಟಗಾರ ತನ್ನ ಭಾಷೆ ಬಲ್ಲ, ಅರ್ಹತೆ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ನೇರವಾಗಿ ಹೋಗಬಹುದು. ಹೋದದ್ದು ಕೋಚ್‌ಗೂ ಮ್ಯಾನೇಜರ್‌ಗೂ ಗೊತ್ತಾಗಬಾರದು. ಪ್ರಾಣಕ್ಕೆ ಅಪಾಯ ಇದ್ದರೆ ಮಾತ್ರ ತಜ್ಞರು ಬೇರೆಯವರಿಗೆ ತಿಳಿಸಲಿ. ಬಿಲ್ ತಂಡದ್ದು, ಅದರಲ್ಲಿ ಹೆಸರು ಇರಬಾರದು. ತಂಡ ಅವನನ್ನು ಬಿಟ್ಟ ಮೇಲೂ ಒಂದು ವರ್ಷ ಈ ಸೌಲಭ್ಯ ನಡೆಯಬೇಕು. ಇಂಗ್ಲೆಂಡ್‌ನ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘ ಈಗಿನವರಿಗೂ ಮಾಜಿಗಳಿಗೂ 24 ಗಂಟೆಯ ಸಹಾಯವಾಣಿ ನಡೆಸುತ್ತಿದೆ. ನಾವು ಒಂದು ವರ್ಷದಿಂದಲಾದರೂ ಶುರು ಮಾಡೋಣ. ಒಬ್ಬ 'ಎ' ವರ್ಗದ ಆಟಗಾರನಿಗೆ ಕೊಡುವ ಹಣದ ಸಣ್ಣ ಪಾಲಿನಲ್ಲಿ ಇಡೀ ತಂಡಕ್ಕೆ ಇದು ಆಗುತ್ತದೆ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೂ ಒಂದು ಮನವಿ. ಈ ಹುಡುಗರು ಲೀಗ್‌ಗೆ ಹೋಗುವ ಮುಂಚೆ ಇಲಾಖೆಯ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಬೆಳೆಯುತ್ತಾರೆ. ಅಲ್ಲಿ ಹೇಳಿಕೊಳ್ಳುವ ಅಭ್ಯಾಸ ಬಿದ್ದರೆ ದೊಡ್ಡವರಾದ ಮೇಲೂ ಇರುತ್ತದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ತಿಂಗಳಿಗೊಮ್ಮೆ ಅವರು ಹಾಸ್ಟೆಲ್‌ಗೆ ಬರುವ ಹಾಗೆ ಎರಡು ಇಲಾಖೆಗಳು ಕೂತು ಮಾತಾಡಿದರೆ ಸಾಕು. ಅಲ್ಲಿಯವರೆಗೆ ಪ್ರತಿ ಹಾಸ್ಟೆಲ್‌ನಲ್ಲಿ, ಪ್ರತಿ ಡ್ರೆಸಿಂಗ್ ರೂಮ್‌ನಲ್ಲಿ ಟೆಲಿ ಮಾನಸ್ ನಂಬರ್ 14416 ಅಂಟಿಸಿ. 2022ರಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು.

ಕೊನೆಗೆ ನಿಮ್ಮ ಕ್ರೀಡಾ ವರದಿಗಾರರಿಗೆ ಒಂದು ಮಾತು. ಹರಾಜಿನ ಮರುದಿನ ಯಾರು ಎಷ್ಟಕ್ಕೆ ಹೋದರು ಅಂತ ಪಟ್ಟಿ ಹಾಕುತ್ತೀರಿ. ಈ ಸಲ ನಮ್ಮ ರಾಜ್ಯದ ತಂಡಗಳು ಬಿಟ್ಟ ಹುಡುಗರ ಬಗ್ಗೆಯೂ ಬರೆಯಿರಿ. ಆರು ತಿಂಗಳ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ. ತಂಡದಿಂದ ಯಾರಾದರೂ ಒಂದು ಸಲ ಫೋನ್ ಮಾಡಿದ್ದರಾ ಅಂತ ಕೇಳಿ, ಬಂದ ಉತ್ತರವನ್ನು ಹಾಗೇ ಅಚ್ಚು ಹಾಕಿ.

ನನ್ನ ಹೆಸರು ಪ್ರಕಟಿಸಬೇಡಿ. ಹೆಸರು ಗೊತ್ತಾದರೆ ಮೇಲೆ ಹೇಳಿದ ಹುಡುಗರು ಯಾರು ಅಂತ ಕಬಡ್ಡಿ ಬಲ್ಲವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅವರಿಬ್ಬರನ್ನೂ ಕೇಳಿಯೇ ಇಷ್ಟು ಬರೆದಿದ್ದೇನೆ.

ಇಂತಿ,
ಕ್ರೀಡಾ ಫಿಸಿಯೋಥೆರಪಿಸ್ಟ್,
ದಾವಣಗೆರೆ